ಕಲ್ಲಚ್ಚಿನಲ್ಲಿ ಯುದ್ಧದ ಹೆಂಗಸರು

ತಿಯೋಫಿಲ್ ಸ್ಟೆನ್ಲೆನ್ ಜಗತ್ತಿಗೆ ಪರಿಚಿತನಾಗಿರುವುದು ಒಂದು ಕಪ್ಪು ಬೆಕ್ಕಿನಿಂದ. 1896ರಲ್ಲಿ ಪ್ಯಾರಿಸ್ಸಿನ 'ಷಾ ನ್ವಾರ್' ಕ್ಯಾಬರೆಗಾಗಿ ಬರೆದ ಆ ಬೆಕ್ಕು ಇಂದಿಗೂ ಕಾಫಿ ಲೋಟ, ಕೈಚೀಲಗಳ ಮೇಲೆ ಠೀವಿಯಿಂದ ಕೂತಿದೆ. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, 1901ರಲ್ಲಿ ಫ್ರೆಂಚ್ ಪ್ರಜೆಯಾದ ಈ ಕಲಾವಿದನ ಕೈಕಸುವು ತಿಳಿಯಬೇಕಾದರೆ ಮೊದಲ ಮಹಾಯುದ್ಧದ ಅವನ ಕಲ್ಲಚ್ಚುಗಳನ್ನು (ಲಿಥೋಗ್ರಾಫ್), ಅದರಲ್ಲೂ ಅಲ್ಲಿನ ಹೆಂಗಸರನ್ನು ನೋಡಬೇಕು. ಆ ಕಾಲದ ಪೋಸ್ಟರುಗಳು ಹೆಣ್ಣಿಗೆ ಮತ್ತೆ ಮತ್ತೆ ಕೊಟ್ಟದ್ದು ಎರಡು ಪಾತ್ರ: ಫ್ರೆಂಚ್ ಗಣರಾಜ್ಯದ ಪ್ರತೀಕ ಮರಿಯಾನ್ ಆಗಿ ಸೈನಿಕರನ್ನು ಹುರಿದುಂಬಿಸುವುದು, ಇಲ್ಲವೇ ರಜೆಯ ಮೇಲೆ ಬಂದವನ ತೋಳು ಸೇರುವುದು. 1915ರ ಡಿಸೆಂಬರಿನಲ್ಲಿ ಆಚರಿಸಿದ ಸೈನಿಕರ ದಿನಕ್ಕೆಂದು ಅಡಾಲ್ಫ್ ವಿಲೆಟ್ ಬರೆದದ್ದು ಇಂಥದೇ ಅಪ್ಪುಗೆಯನ್ನು. ಸಾಂಕೇತಿಕ ಹೆಣ್ಣನ್ನು ಸ್ಟೆನ್ಲೆನ್ ಕೂಡ ಬರೆದಿದ್ದಾನೆ. ಆದರೂ ಅವನ ಉತ್ತಮ ಕೆಲಸದಲ್ಲಿ ಹೆಣ್ಣು ಯಾವುದರ ಸಂಕೇತವೂ ಅಲ್ಲ. ಹಸಿವು, ಆಯಾಸಗಳಿರುವ ಒಂದು ಮೈ.

ಅವನ ಯುದ್ಧಕಾಲದ ಪೋಸ್ಟರುಗಳು ಹಣ ಎತ್ತಲು ಮಾಡಿದ ಪ್ರಚಾರಚಿತ್ರಗಳಲ್ಲವೇ ಎಂದು ಕೇಳಬಹುದು. ಹೌದು. ಅಂಥ ಎರಡು ಪೋಸ್ಟರುಗಳಲ್ಲಿ ಒಂದು, 1915ರದು, ಬೆಲ್ಜಿಯಂನ ಹಸಿದವರ ನೆರವಿಗೆ ನಡೆಸಿದ ಕಲಾಕೃತಿಗಳ ಲಾಟರಿಗಾಗಿ. ಇನ್ನೊಂದು 1916ರ ಜೂನ್ 25ರ ಸರ್ಬಿಯಾ ದಿನಕ್ಕಾಗಿ, ಅಲ್ಬೇನಿಯಾದ ಬೆಟ್ಟಗಳನ್ನು ಚಳಿಗಾಲದಲ್ಲಿ ದಾಟಿ ಬಂದ ಸರ್ಬಿಯನ್ನರ ಪರವಾಗಿ. ಆದರೆ ಉದ್ದೇಶ ಒಂದಾದರೆ ಕಾಣ್ಕೆ ಇನ್ನೊಂದು. ಯುದ್ಧಕ್ಕೆ ಎರಡು ದಶಕ ಮೊದಲೇ, 'ಜಿಲ್ ಬ್ಲಾ' ಪತ್ರಿಕೆಯ ಪುಟಗಳಲ್ಲಿ ಅವನು ಪ್ಯಾರಿಸ್ಸಿನ ದುಡಿಯುವ ಹೆಂಗಸರನ್ನು ಬರೆಯುತ್ತಿದ್ದ. ಆಗ ಯಾರಿಗೂ ಚಂದಾ ಬೇಕಿರಲಿಲ್ಲ. ಬಗ್ಗಿದ ಭುಜ, ಭಾರ ಹೊತ್ತ ನಡಿಗೆಗಳನ್ನು ಅವನ ಕೈ ಕಲಿತದ್ದು ಅಲ್ಲಿ. ಕಲ್ಲಚ್ಚಿನ ಮಾಧ್ಯಮವೂ ಅದಕ್ಕೆ ಒದಗಿತು. ಜಿಡ್ಡಿನ ಕಡ್ಡಿಯಿಂದ ಸುಣ್ಣಕಲ್ಲಿನ ಮೇಲೆ ನೇರವಾಗಿ ಬರೆಯುವುದರಿಂದ ಕೈಯ ಒತ್ತಡ, ಕಲ್ಲಿನ ತರಿ ಎರಡೂ ಅಚ್ಚಿನಲ್ಲಿ ಉಳಿಯುತ್ತವೆ. ಮುಖವನ್ನು ನಯಗೊಳಿಸಿ ಮರುಕ ಹುಟ್ಟಿಸುವ ಸುಲಭದ ದಾರಿಯನ್ನು ಈ ಒರಟು ಗೆರೆ ತುಳಿಯುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇಲ್ಲಿನ ಹೆಂಗಸರು ಬರೀ ನೊಂದವರು. 1914ರ ಆಗಸ್ಟಿನಲ್ಲಿ ಫ್ರಾನ್ಸಿನ ಪ್ರಧಾನಿ ವಿವಿಯಾನಿ ಕರೆಕೊಟ್ಟಾಗ ಕೊಯ್ಲು ಮುಗಿಸಿದವರು, ಮುಂದೆ ಮದ್ದುಗುಂಡಿನ ಕಾರ್ಖಾನೆ ನಡೆಸಿದವರು ಈ ಎರಡು ಪೋಸ್ಟರುಗಳಲ್ಲಿ ಇಲ್ಲ. ಈ ಕೊರತೆಯನ್ನು ಒಪ್ಪಲೇಬೇಕು. ಆದರೆ ಕಾರ್ಖಾನೆಯ ಹೆಣ್ಣನ್ನು ಹಾಡಿಹೊಗಳಲು ಸರ್ಕಾರಗಳಿಗೂ ಕಾರಣವಿತ್ತು. ಅವಳ ದುಡಿಮೆ ಯುದ್ಧಕ್ಕೆ ಬೇಕಿತ್ತು. ಊರು ಬಿಟ್ಟು ನಡೆಯುವವಳಿಂದ ಯಾವ ಸೇನೆಗೂ ಲಾಭವಿಲ್ಲ. ಯುದ್ಧಕ್ಕೆ ಉಪಯೋಗವಿಲ್ಲದವಳೂ ಅದರ ಲೆಕ್ಕದಲ್ಲಿ ಸೇರಬೇಕೆಂದು ಪಟ್ಟುಹಿಡಿದದ್ದೇ ಸ್ಟೆನ್ಲೆನ್ನನ ಹೆಚ್ಚುಗಾರಿಕೆ. ಸಂಗ್ರಾಹಕರು ಬೆಕ್ಕಿಗೆ ಕೊಡುವ ಬೆಲೆಯನ್ನು ಈ ಹಾಳೆಗಳಿಗೂ ಕೊಡಲು ಇಷ್ಟು ಕಾರಣ ಸಾಕು.