ಬುದ್ಧಿಮತ್ಕಾರಣವಾದವೂ ಶಾಲೆಯ ವಿಜ್ಞಾನಪಾಠವೂ

ಜಗತ್ತಿನ ರಚನಾಚಾತುರ್ಯವನ್ನು ಕಂಡು, ಇದಕ್ಕೆ ಬುದ್ಧಿಶಾಲಿಯಾದ ಕರ್ತನೊಬ್ಬನು ಇರಲೇಬೇಕೆಂದು ಅನುಮಾನಿಸುವ ವಾದವು ಈಚಿನ ದಶಕಗಳಲ್ಲಿ ‘ಬುದ್ಧಿಪೂರ್ವಕ ವಿನ್ಯಾಸ’ವೆಂಬ ಹೆಸರನ್ನು ತಾಳಿ, ಅಮೆರಿಕಾ ದೇಶದ ಶಾಲೆಗಳ ವಿಜ್ಞಾನಪಾಠದಲ್ಲಿ ಸ್ಥಾನವನ್ನು ಬೇಡಿತು. ಹೆಸರು ಹೊಸದು, ವಾದವು ಹಳೆಯದು. ನಮ್ಮ ನೈಯಾಯಿಕರು ಇದನ್ನು ಬಹುಕಾಲದ ಹಿಂದೆಯೇ ಶಾಸ್ತ್ರೀಯವಾಗಿ ನಿರೂಪಿಸಿದ್ದರು. ಘಟವು ಕಾರ್ಯ, ಅದಕ್ಕೆ ಕುಂಬಾರನು ಕರ್ತ. ಭೂಮಿ, ಅಂಕುರ ಮೊದಲಾದುವೂ ಕಾರ್ಯಗಳೇ. ಆದುದರಿಂದ ಅವಕ್ಕೂ ಬುದ್ಧಿಯುಳ್ಳ ಕರ್ತನಿರಬೇಕು ಎಂಬುದೇ ಆ ಅನುಮಾನದ ಸ್ವರೂಪ. ಉದಯನಾಚಾರ್ಯನ ನ್ಯಾಯಕುಸುಮಾಂಜಲಿಯಲ್ಲಿ ಈ ವಾದವು ಪರಿಪಾಕವನ್ನು ಪಡೆದಿದೆ. ೧೮೦೨ರಲ್ಲಿ ಇಂಗ್ಲೆಂಡಿನ ವಿಲಿಯಂ ಪೇಲಿಯು ಘಟದ ಸ್ಥಾನದಲ್ಲಿ ಗಡಿಯಾರವನ್ನಿಟ್ಟು ಹೇಳಿದುದೂ ಇದನ್ನೇ.

ಈ ವಾದದ ಖಂಡನೆಯೂ ನಮ್ಮಲ್ಲಿ ಅಷ್ಟೇ ಪ್ರಾಚೀನವಾದುದು. ಅದರಲ್ಲಿ ಕನ್ನಡನಾಡಿನ ಪಾಲು ಅಲ್ಪವಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಗೌರವಕ್ಕೆ ಪಾತ್ರರಾದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಸೃಷ್ಟಿಕರ್ತೃವಾದವನ್ನು ಪೂರ್ವಪಕ್ಷವಾಗಿ ಎತ್ತಿಕೊಂಡು ಒಂದೊಂದಾಗಿ ಪ್ರಶ್ನಿಸುತ್ತಾರೆ. ಸೃಷ್ಟಿಗೆ ಮೊದಲು ಆ ಕರ್ತನು ಎಲ್ಲಿ ನಿಂತಿದ್ದನು? ಉಪಾದಾನದ್ರವ್ಯವಿಲ್ಲದೆ ಹೇಗೆ ನಿರ್ಮಿಸಿದನು? ಆ ದ್ರವ್ಯವನ್ನೂ ಅವನೇ ನಿರ್ಮಿಸಿದನೆಂದರೆ ಅನವಸ್ಥಾದೋಷ. ದ್ರವ್ಯವು ತಾನಾಗಿಯೇ ಇದ್ದಿತೆಂದರೆ ಜಗತ್ತೂ ತಾನಾಗಿಯೇ ಇರಬಾರದೇಕೆ? ಅವನು ಕೃತಕೃತ್ಯನಾದರೆ ಸೃಷ್ಟಿಸುವ ಇಚ್ಛೆಯೇ ಹುಟ್ಟಲಾರದು. ಅಕೃತಕೃತ್ಯನಾದರೆ ಕುಂಬಾರನಿಗಿಂತ ಹೆಚ್ಚಿನ ಸಾಮರ್ಥ್ಯವನ್ನು ಅವನಲ್ಲಿ ಕಲ್ಪಿಸುವುದಕ್ಕೆ ಆಧಾರವಿಲ್ಲ. ಶರೀರಾದಿಗಳ ವಿಶಿಷ್ಟ ಸನ್ನಿವೇಶವನ್ನು ನೋಡಿದರೆ, ನಗರದ ರಚನೆಯಂತೆ ಅದೂ ಬುದ್ಧಿವಂತನೊಬ್ಬನ ಕೆಲಸವೆಂದು ತೋರುತ್ತದೆಂಬ ಆಕ್ಷೇಪವನ್ನೂ ಅವರು ಮರೆಯುವುದಿಲ್ಲ. ‘ಬುದ್ಧಿಪೂರ್ವಕ ವಿನ್ಯಾಸ’ವೆಂಬ ನುಡಿಗೆ ಇದಕ್ಕಿಂತ ಸಮೀಪವಾದ ಪ್ರಾಚೀನ ಪ್ರತಿರೂಪವನ್ನು ಕಾಣುವುದು ಕಷ್ಟ. ೯೪೧ರಲ್ಲಿ ಪಂಪನು ತನ್ನ ಕನ್ನಡ ಆದಿಪುರಾಣಕ್ಕೆ ಮೂಲವಾಗಿ ಹಿಡಿದುದು ಜಿನಸೇನರ ಈ ಗ್ರಂಥವನ್ನೇ.

ಜಿನಸೇನರು ಒಬ್ಬಂಟಿಗರಲ್ಲ. ಘಟದ ದೃಷ್ಟಾಂತವನ್ನು ಪೂರ್ಣವಾಗಿ ಒಪ್ಪುವುದಾದರೆ ಜಗತ್ಕರ್ತನೂ ಕುಂಬಾರನಂತೆ ಶರೀರಿಯೂ ನಶ್ವರನೂ ಆಗಬೇಕಾಗುತ್ತದೆಂದು ವೈದಿಕನಾದ ಕುಮಾರಿಲಭಟ್ಟನು ತೋರಿಸಿದ್ದನು. ಬೌದ್ಧನಾದ ಧರ್ಮಕೀರ್ತಿಯ ಮಾತು ಇನ್ನೂ ಹರಿತವಾದುದು: ಮಡಕೆಯೂ ಮಣ್ಣಿನದು, ಹುತ್ತವೂ ಮಣ್ಣಿನದು, ಆದಮಾತ್ರಕ್ಕೆ ಹುತ್ತವನ್ನು ಕುಂಬಾರನು ಮಾಡಿದನೆನ್ನಬಹುದೆ? ತೋರಿಕೆಯ ಸಾದೃಶ್ಯದಿಂದ ಕರ್ತನನ್ನು ಊಹಿಸುವುದರ ದೌರ್ಬಲ್ಯವು ಈ ಒಂದು ಉಪಮಾನದಲ್ಲಿ ಬಯಲಾಗುತ್ತದೆ.

ಇಷ್ಟನ್ನು ಕಂಡು, ನಮ್ಮ ಪೂರ್ವಿಕರು ಡಾರ್ವಿನ್ನನ ತತ್ತ್ವವನ್ನು ಮೊದಲೇ ಅರಿತಿದ್ದರೆಂದು ಹಿಗ್ಗುವುದು ಸರಿಯಲ್ಲ. ಜಿನಸೇನರು ಕರ್ತನ ಸ್ಥಾನದಲ್ಲಿ ಇರಿಸಿದುದು ಕರ್ಮವನ್ನೂ ಅನಾದಿಯಾದ ಲೋಕವನ್ನೂ, ಜೀವಜಾತಿಗಳ ಪರಿಣಾಮವನ್ನಲ್ಲ. ಖಂಡನೆಯು ಎಷ್ಟೇ ತೀಕ್ಷ್ಣವಾಗಿರಲಿ, ಅದು ದರ್ಶನಕ್ಕೆ ಸೇರಿದ ಖಂಡನೆ. ಉದಯನನ ಮಂಡನೆಯೂ ಹಾಗೆಯೇ. ಎರಡು ಪಕ್ಷಗಳೂ ತರ್ಕದಿಂದ ಹೋರಾಡುತ್ತವೆ. ಹೊಲಕ್ಕೋ ಬಂಡೆಗೋ ಹೋಗಿ ಪರೀಕ್ಷೆಗೆ ಒಡ್ಡಿಕೊಳ್ಳುವುದಿಲ್ಲ. ಪ್ರಕೃತ ಪ್ರಶ್ನೆಗೆ ಉತ್ತರವು ಈ ಭೇದದಲ್ಲಿಯೇ ಇದೆ.

ವಿಜ್ಞಾನವು ಒಂದು ಮಾತನ್ನು ಅಂಗೀಕರಿಸುವುದು, ಆ ಮಾತು ಸುಳ್ಳಾಗಬಹುದಾದ ಸಂದರ್ಭವನ್ನು ತಾನೇ ಸೂಚಿಸಿದಾಗ. ೧೮೫೯ರಲ್ಲಿ ಡಾರ್ವಿನ್ನನು ಪ್ರಕಟಿಸಿದ ತತ್ತ್ವವು ಇಂತಹ ಪರೀಕ್ಷೆಗಳಿಗೆ ಪದೇ ಪದೇ ಗುರಿಯಾಗಿದೆ. ಮತ್ಸ್ಯಕ್ಕೂ ಚತುಷ್ಪಾದಿಗೂ ನಡುವಣ ಪ್ರಾಣಿಯ ಅವಶೇಷವು ಯಾವ ಕಾಲದ ಶಿಲಾಸ್ತರದಲ್ಲಿ ದೊರೆಯಬೇಕೆಂದು ಮೊದಲೇ ಊಹಿಸಿ ಹುಡುಕಿದವರಿಗೆ, ೨೦೦೪ರಲ್ಲಿ ಕೆನಡಾದ ಉತ್ತರದ್ವೀಪವೊಂದರಲ್ಲಿ ಸುಮಾರು ೩೭.೫ ಕೋಟಿ ವರ್ಷಗಳ ಹಿಂದಿನ ಟಿಕ್ಟಾಲಿಕ್ ದೊರೆಯಿತು. ವಿನ್ಯಾಸವಾದವಾದರೋ ಏನು ಸಿಕ್ಕಿದರೂ ಕರ್ತನ ಇಚ್ಛೆಯೆನ್ನಬಲ್ಲುದು; ಏನನ್ನಾದರೂ ವಿವರಿಸಬಲ್ಲ ವಾದವು ಯಾವುದನ್ನೂ ಮುಂದಾಗಿ ತಿಳಿಸಲಾರದು. ಪೆನ್ಸಿಲ್ವೇನಿಯಾದ ಡೋವರ್ ಎಂಬಲ್ಲಿ ಶಾಲಾಮಂಡಲಿಯು ಇದನ್ನು ಪಾಠದೊಳಕ್ಕೆ ತರಲು ಯತ್ನಿಸಿದಾಗ, ೨೦೦೫ರ ಡಿಸೆಂಬರ್ ೨೦ರಂದು ನ್ಯಾಯಾಧೀಶ ಜಾನ್ ಜೋನ್ಸ್ ಅವರು ಇದು ವಿಜ್ಞಾನವಲ್ಲವೆಂದು ತೀರ್ಪಿತ್ತರು.

ನಮ್ಮ ದೇಶದಲ್ಲಿ ವಿಷಯವು ಬೇರೊಂದು ರೂಪವನ್ನು ತಾಳಿತು. ೨೦೧೮ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಖಾತೆಯ ರಾಜ್ಯಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು, ವಾನರನು ಮನುಷ್ಯನಾದುದನ್ನು ಯಾರೂ ಕಂಡಿಲ್ಲವೆಂದೂ ಡಾರ್ವಿನ್ನನ ತತ್ತ್ವವು ಪಾಠದಿಂದ ಹೋಗಬೇಕೆಂದೂ ನುಡಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಅದನ್ನು ಪ್ರತಿಭಟಿಸಿದುವು. ಮುಂದೆ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು, ಮಹಾಮಾರಿಯ ಕಾಲದ ಪಾಠಭಾರವನ್ನು ಇಳಿಸುವ ಕಾರಣವನ್ನು ಕೊಟ್ಟು, ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ವೆಂಬ ಅಧ್ಯಾಯದಿಂದ ಜೀವವಿಕಾಸದ ಭಾಗವನ್ನು ತೆಗೆದುಹಾಕಿತು. ೨೦೨೩ರಲ್ಲಿ ೧,೮೦೦ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಮಾಡಿದರು. ಇಲ್ಲಿ ವಿನ್ಯಾಸವಾದವನ್ನು ಯಾರೂ ಪುಸ್ತಕದೊಳಗೆ ಸೇರಿಸಲಿಲ್ಲವೆಂಬುದು ನಿಜ. ಆದರೆ ತೆರವಾದ ಸ್ಥಳವು ತೆರವಾಗಿಯೇ ಉಳಿಯುವುದಿಲ್ಲ. ಹನ್ನೆರಡನೆಯ ತರಗತಿಯಲ್ಲಿ ಆ ವಿಷಯವು ಉಂಟೆಂಬ ಸಮಾಧಾನವೂ ಸಾಲದು. ಅದು ಜೀವಶಾಸ್ತ್ರವನ್ನು ಆರಿಸಿಕೊಂಡವರಿಗೆ ಮಾತ್ರ.

ನಷ್ಟವು ಯಾರಿಗೆಂಬುದನ್ನು ತಿಳಿಯಲು ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟದ ಸೀಮೆಗೇ ಮರಳಬಹುದು. ಇಂದಿನ ಮಳಖೇಡವಾದ ಆ ಊರು ಕಲಬುರಗಿ ಜಿಲ್ಲೆಯಲ್ಲಿದೆ. ಜೇವರ್ಗಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾದ ಯಡ್ರಾಮಿಯೂ ಅದೇ ಜಿಲ್ಲೆಯದು. ತೊಗರಿಯ ಸೀಮೆ ಇದು. ಕಲಬುರಗಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿದೆ. ನೆಟೆರೋಗವನ್ನು ತಡೆದುಕೊಳ್ಳುವ ಗಿಡಗಳನ್ನೇ ಆರಿಸಿ ‘ಮಾರುತಿ’ ತಳಿಯನ್ನು ಪಡೆದುದು ಮನುಷ್ಯನ ಆಯ್ಕೆ. ಇಲ್ಲಿ ಬುದ್ಧಿಯುಳ್ಳ ಕರ್ತನು ಉಂಟು. ಕಾಯಿಕೊರಕ ಹುಳುವಿನ ಕಥೆಯು ಬೇರೆ. ಔಷಧ ಸಿಂಪಡಿಸಿದಾಗ ಬಹುಪಾಲು ಹುಳುಗಳು ಸತ್ತು, ಹುಟ್ಟಿನಿಂದಲೇ ವಿಷವನ್ನು ತಾಳಬಲ್ಲ ಕೆಲವು ಉಳಿಯುತ್ತವೆ. ಅವುಗಳ ಸಂತತಿಯು ಹೆಚ್ಚುತ್ತದೆ. ಕೆಲವು ವರ್ಷಗಳಲ್ಲಿ ಆ ಔಷಧವು ನಿಷ್ಫಲವಾಗುತ್ತದೆ. ಇದನ್ನು ಯಾರೂ ಉದ್ದೇಶಿಸಲಿಲ್ಲ. ಹೊಲದಲ್ಲಿ ಕಾಣುವ ಏಕೈಕ ಬುದ್ಧಿವಂತನಾದ ರೈತನು ಇದಕ್ಕೆ ವಿರುದ್ಧವಾಗಿಯೇ ದುಡಿದನು. ಉದ್ದೇಶವಿಲ್ಲದೆಯೂ ಹೊಂದಾಣಿಕೆಯು ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಿಲ್ಲ. ಹತ್ತನೆಯ ತರಗತಿಗೇ ಓದನ್ನು ನಿಲ್ಲಿಸಿ ಹೊಲಕ್ಕೆ ಇಳಿಯುವ ಯಡ್ರಾಮಿಯ ಹುಡುಗನಿಗೆ, ಔಷಧವು ಏಕೆ ಸೋತಿತೆಂಬುದನ್ನು ತಿಳಿಸಬಲ್ಲ ಪಾಠವು ಆ ಪುಟಗಳಲ್ಲಿಯೇ ಇದ್ದಿತು.

ಇಂತಿರಲು, ಬುದ್ಧಿಮತ್ಕಾರಣವಾದವನ್ನು ಶಾಲೆಯಿಂದಲೇ ಹೊರಗಟ್ಟಬೇಕೆಂಬ ಪಕ್ಷವೂ ಗ್ರಾಹ್ಯವಲ್ಲ. ಅದು ಭಾರತೀಯ ಚಿಂತನೆಯ ಶ್ರೇಷ್ಠ ಕಲಹಗಳಲ್ಲಿ ಒಂದು. ಉದಯನನ ಸ್ಥಾಪನೆ, ಕುಮಾರಿಲನ ಆಕ್ಷೇಪ, ಧರ್ಮಕೀರ್ತಿಯ ಹುತ್ತ, ಜಿನಸೇನರ ಪ್ರಶ್ನಾವಳಿ ಇವು ಸಾಹಿತ್ಯದ ಮತ್ತು ದರ್ಶನದ ಪಾಠಕ್ಕೆ ಒಪ್ಪುವ ಸಾಮಗ್ರಿ. ಪಂಪನನ್ನು ಬೋಧಿಸುವ ಉಪಾಧ್ಯಾಯನು ಅವನ ಮೂಲಗ್ರಂಥದ ಈ ಪರ್ವವನ್ನೂ ಪರಿಚಯಿಸಿದರೆ, ದೇವರನ್ನು ಕುರಿತ ಪ್ರಶ್ನೆಯನ್ನು ದ್ವೇಷವಿಲ್ಲದೆಯೂ ಭಯವಿಲ್ಲದೆಯೂ ಚರ್ಚಿಸಿದ ಪರಂಪರೆಯೊಂದು ತಮ್ಮ ನಾಡಿನದೇ ಎಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾದೀತು. ಆ ಪಾಠದಲ್ಲಿ ಎರಡು ಪಕ್ಷಗಳಿಗೂ ಸಮಾನವಾದ ಆಸನವು ನ್ಯಾಯವೇ ಸರಿ. ವಿಜ್ಞಾನದ ಪಾಠದಲ್ಲಾದರೋ ಆಸನವು ದೊರೆಯುವುದು ಪರೀಕ್ಷೆಯಿಂದ ಮಾತ್ರ. ಒಂದರ ವಿಷಯವನ್ನು ಮತ್ತೊಂದರಲ್ಲಿ ಕೂರಿಸಿದರೆ ವಿಜ್ಞಾನವು ಕೆಡುವುದಲ್ಲದೆ, ಸಾವಿರ ವರ್ಷ ವಾದದಲ್ಲಿ ನಿಂತು ಬಾಳಿದ ದರ್ಶನವೂ ಕಂಠಪಾಠದ ಒಂದು ವಾಕ್ಯವಾಗಿ ಕುಗ್ಗುತ್ತದೆ.