ಗಡಿಗೋಪುರದ ಆಚೆ

ಹಲಸೂರು ಕೆರೆಯ ಬಳಿ, ಸೈನ್ಯದವರ ಆವರಣದೊಳಗೆ, ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರವೊಂದಿದೆ. ಊರು ಇಲ್ಲಿಯವರೆಗೆ ಬೆಳೆಯಲಿ ಎಂದು ನಿಲ್ಲಿಸಿದ ನಾಲ್ಕು ಗಡಿಗಳಲ್ಲಿ ಇದೊಂದು ಎಂದು ಪ್ರತೀತಿ. ಕಟ್ಟಿಸಿದವರು ಹಿರಿಯ ಕೆಂಪೇಗೌಡರೋ ಇಮ್ಮಡಿ ಕೆಂಪೇಗೌಡರೋ ಎಂಬ ಜಗಳವನ್ನು ಇತಿಹಾಸದ ಮೇಷ್ಟ್ರುಗಳಿಗೆ ಬಿಡೋಣ. ಹೇಗೂ ಊರು ಅದನ್ನು ಹೇಳದೆ ಕೇಳದೆ ದಾಟಿಹೋಯಿತು. ಈಗ ಗಡಿ ಇರುವುದು ಅಭಿವೃದ್ಧಿ ಪ್ರಾಧಿಕಾರದವರು ಬರೆದ ನಕ್ಷೆಯಲ್ಲಿ.

ಆ ನಕ್ಷೆಯ ಕಥೆ ತಮಾಷೆಯದು. 2015ರವರೆಗಿನ ಮಹಾಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ಕ್ಕೆ ಜನಸಂಖ್ಯೆ ಎರಡು ಕೋಟಿ ದಾಟೀತೆಂದು ಲೆಕ್ಕ ಹಾಕಿದ ಮುಂದಿನ ಕರಡು 2017ರಲ್ಲಿ ಬಂತು. 2020ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಹೀಗಾಗಿ 2015 ಕಳೆದ ಮೇಲೂ ಊರು 2015ರ ಯೋಜನೆಯನ್ನೇ ಹಿಡಿದು ನಡೆಯುತ್ತ ಬಂದಿದೆ. ನಾವು ಬಿ.ಎಡ್. ಓದುವಾಗ ಪಾಠಯೋಜನೆಯಲ್ಲಿ ಮೌಲ್ಯಮಾಪನದ ಅಂಕಣ ಖಾಲಿ ಬಿಟ್ಟರೆ ಮೇಡಂ ಪುಸ್ತಕ ಹಿಂದಿರುಗಿಸುತ್ತಿದ್ದರು. ಇವರಿಗೆ ಅಂಥ ಮೇಡಂ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

ನನ್ನ ತಕರಾರು ತಡವಾದದ್ದಕ್ಕಲ್ಲ. ನಕ್ಷೆಯಲ್ಲಿ ಹಳದಿ ಬಳಿದರೆ ಅದು ವಾಸದ ಜಾಗ. ಅಲ್ಲಿಗೆ ಕುಡಿಯುವ ನೀರು ಯಾವ ವರ್ಷ ಬರುತ್ತದೆಂದು ಹಳದಿ ಹೇಳುವುದಿಲ್ಲ. ನೀರು ಜಲಮಂಡಳಿಯದು ಎಂಬ ಉತ್ತರ ಸಿದ್ಧವಿದೆ. ಮಂಡಳಿ 1964ರದು, ಪ್ರಾಧಿಕಾರ 1976ರದು. ಒಂದೇ ಮನೆಯಲ್ಲಿ ಒಲೆ ಬೇರೆ ಮಾಡಿಕೊಂಡ ವಾರಗಿತ್ತಿಯರ ಹಾಗೆ. ಯೋಜನೆಗೆ ಒಪ್ಪಿಗೆ ಸಿಕ್ಕ 2007ರಲ್ಲೇ ಸುತ್ತಲಿನ 110 ಹಳ್ಳಿಗಳು ಪಾಲಿಕೆಗೆ ಸೇರಿದವು. ಮುಖ್ಯವಾಗಿ ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೆಯ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಗೆರೆಗೂ ನೀರಿಗೂ ನಡುವೆ ಹದಿನೇಳು ವರ್ಷ! ನೀರಾದರೂ ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿದಂತೆ ಹತ್ತಿ ಬರಬೇಕು. ಅದು ಬರಲು ಕಾಲ ಬೇಕೆಂದು ಗೊತ್ತಿದ್ದವರು ಗೆರೆಯನ್ನಾದರೂ ತಡೆದು ಎಳೆಯಬಹುದಿತ್ತು.

ಆ ಹದಿನೇಳು ವರ್ಷ ಏನೆಂದು ನನಗೆ ತಿಳಿದದ್ದು ನಕ್ಷೆಯಿಂದಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು 2024ರ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲವಾದರೂ ತಡವಾಗಿ ಬರುತ್ತಿದ್ದಳು. ಗದರಿಸಿದ ಮೇಲೆ ಕಾರಣ ಹೇಳಿದಳು: ಟ್ಯಾಂಕರ್ ಬರುವವರೆಗೆ ಬಿಂದಿಗೆ ಕಾಯಬೇಕು. ಮೊದಲು ಅವರ ಮನೆ ಇಲ್ಲೇ ತೇರುಬೀದಿಯ ಹಿಂದೆ ಇತ್ತು, ನಲ್ಲಿಯಲ್ಲಿ ಕಾವೇರಿ ಬರುತ್ತಿತ್ತು. 2011ರಲ್ಲಿ ಹಲಸೂರಿಗೆ ಮೆಟ್ರೊ ಬಂತು, ಹಿಂದೆಯೇ ಬಾಡಿಗೆ ಏರತೊಡಗಿತು. ಕೊನೆಗೆ ಅವರು ಕೆ.ಆರ್. ಪುರದ ಆಚೆಯ ಹಳ್ಳಿಗೆ ಹೋದರು. ತಾಯಿ ಕೆಲಸಕ್ಕೆ, ಮಗಳು ಶಾಲೆಗೆ, ದಿನವೂ ಇಬ್ಬರೂ ಎರಡು ಬಸ್ಸು ಹತ್ತಿ ಹಲಸೂರಿಗೇ ಬರುತ್ತಾರೆ. ರೈಲು ಬಂದರೆ ಊರು ಬೆಳೆಯುತ್ತದೆ ಎನ್ನುವವರು, ಬೆಳೆದ ಊರಿನಿಂದ ಹೊರಬಿದ್ದವರನ್ನು ಯಾವ ಬಣ್ಣದಲ್ಲಿ ತೋರಿಸುತ್ತಾರೆ?

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ನಗರಪಾಲಿಕೆಗಳಾದವು. ಹೊಸ ನಕ್ಷೆ ಬರೆಯುವವರು ಹಳದಿ ಬಳಿಯುವ ಮುನ್ನ ಪಕ್ಕದಲ್ಲಿ ನೀರಿನ ವರ್ಷವನ್ನೂ ಬರೆಯಲಿ. ಬರೆಯಲಾಗದಿದ್ದರೆ ಬಣ್ಣ ಬಳಿಯದೆ ಬಿಡಲಿ.

ಮರುವರ್ಷ ಶಾಲೆ ಶುರುವಾದಾಗ ಹುಡುಗಿ ಹೊತ್ತಿಗೆ ಸರಿಯಾಗಿ ಬಂದಿದ್ದಳು. "ಏನೇ, ಕಾವೇರಿ ಬಂತಾ?" ಎಂದೆ.

"ಬಂತು ಮಿಸ್, ಪೈಪ್ ಹಾಕಿದ್ದಾರೆ," ಎಂದಳು. "ಓನರ್ರು ಬಾಡಿಗೆ ಜಾಸ್ತಿ ಮಾಡ್ತೀನಿ ಅಂತಿದ್ದಾರೆ. ಅಮ್ಮ ಹೊಸಕೋಟೆ ಕಡೆ ಮನೆ ನೋಡ್ತಿದ್ದಾಳೆ."