ಹಿಂದಿನ ಪ್ಯಾಡನ್ನು ಕೇಳುವವರಿಲ್ಲ

ಟ್ರ್ಯಾಕಿಗೆ ಕಾರು ಸಜ್ಜು ಮಾಡುವವರಲ್ಲಿ ಒಂದು ರೂಢಿ ಗಟ್ಟಿಯಾಗಿ ಬೇರೂರಿದೆ. ಕೈಯಲ್ಲಿರುವ ದುಡ್ಡನ್ನೆಲ್ಲ ಮುಂದಿನ ಬ್ರೇಕ್ ಪ್ಯಾಡಿಗೆ ಸುರಿಯುತ್ತಾರೆ, ಹಿಂದೆ ಕಂಪನಿಯದ್ದೇ ಇರಲಿ ಎಂದು ಬಿಡುತ್ತಾರೆ. ಭದ್ರಾವತಿಯ ನ್ಯೂ ಟೌನಿನಿಂದ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ ಐನೂರು ಕಿ.ಮೀ. ಮೀರಿದ ದಾರಿ. ಅಷ್ಟು ದೂರ ಅದೇ ಕಾರು ಓಡಿಸಿಕೊಂಡು ಹೋಗಿ, ಅದರಲ್ಲೇ ಸುತ್ತು ಹೊಡೆದು, ಅದರಲ್ಲೇ ಮನೆಗೆ ಬರುವವರಿಗೆ ಈ ರೂಢಿ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನದಕ್ಕೆ ಹೆಚ್ಚು ಗಮನ ಕೊಡುವುದು ತಪ್ಪಲ್ಲ. ಒಂದು ಟನ್ ತೂಕದ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 60ಕ್ಕೆ ಇಳಿಯುವಾಗ ಸುಮಾರು 850 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಅದರಲ್ಲಿ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕಿಗೆ ಹೋಯಿತೆನ್ನಿ, ಐದು ಕಿಲೋ ತೂಗುವ ಒಂದೊಂದು ಡಿಸ್ಕೂ ಆ ಒಂದೇ ಬ್ರೇಕಿಗೆ 130 ಡಿಗ್ರಿಯಷ್ಟು ಬಿಸಿಯೇರುತ್ತದೆ. ಅದು ಆರುವಷ್ಟರಲ್ಲಿ ಇನ್ನೊಂದು ತಿರುವು ಬಂದಿರುತ್ತದೆ. 1923ರಲ್ಲಿ ಇದ್ದಿಲಿನ ಕುಲುಮೆ ಹೊತ್ತಿಸಿ ಕಬ್ಬಿಣ ಕರಗಿಸಿದ ಭದ್ರಾವತಿಗೆ ಬೀಡುಕಬ್ಬಿಣದ ತಾಳಿಕೆಯನ್ನು ಹೇಳಿಕೊಡಬೇಕಿಲ್ಲ. ಡಿಸ್ಕೂ ಬೀಡೇ, ಕೆಂಪಗೆ ಕಾದರೂ ತಡೆದುಕೊಳ್ಳುತ್ತದೆ. ತಡೆಯದಿರುವುದು ಪ್ಯಾಡನ್ನು ಹಿಡಿದಿಟ್ಟಿರುವ ರಾಳ. ಅತಿಯಾಗಿ ಕಾದಾಗ ಅದು ಅನಿಲ ಬಿಡುತ್ತದೆ, ಆ ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಹಿಡಿತ ಜಾರುತ್ತದೆ.

ಹಿಂದಿನ ಕಥೆ ಬೇರೆ. ನಿಂತ ಕಾರಿನ ಹಿಂದಿನ ಚಕ್ರಗಳ ಮೇಲೆ 400 ಕಿಲೋ ಭಾರವಿದ್ದರೆ, ಜೋರು ಬ್ರೇಕಿನಲ್ಲಿ ಅದು 200ರ ಆಸುಪಾಸಿಗೆ ಇಳಿಯುತ್ತದೆ. ಆ 200 ಕಿಲೋದ ಹಿಡಿತವನ್ನು ಬಳಸಿಕೊಳ್ಳುವವರು ಕಡಿಮೆ. ಮುಂದೆ ಮಾತ್ರ ಬಿಗಿಯಾದ ಪ್ಯಾಡ್ ಹಾಕಿದರೆ ಮುಂದಿನ ಟೈರುಗಳು ಬೇಗ ಮಿತಿ ಮುಟ್ಟುತ್ತವೆ, ಎಬಿಎಸ್ ಪೆಡಲನ್ನು ನಡುಗಿಸುತ್ತದೆ, ಹಿಂದಿನವು ಅರೆ ಕೆಲಸಕ್ಕೇ ನಿಲ್ಲುತ್ತವೆ. ಟ್ರ್ಯಾಕಿನಿಂದ ಬಂದ ಮೇಲೆ ನಾಲ್ಕೂ ಚಕ್ರ ಬಿಚ್ಚಿಸಿ ನೋಡಿ. ಮುಂದಿನ ಪ್ಯಾಡಿನ ಅಂಚು ಬೂದಿಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿರುತ್ತದೆ, ಹಿಂದಿನದು ಹೊಸದರಂತೆ ದಪ್ಪಗಿರುತ್ತದೆ. ಸವೆಯಲಿಲ್ಲವೆಂದು ಸಂತೋಷಪಡುವವರುಂಟು. ಅದು ಮಾಡದ ಕೆಲಸವನ್ನು ಮುಂದಿನದು ಮೈಮೇಲೆ ಹಾಕಿಕೊಂಡಿದೆ, ಅಷ್ಟೇ.

ಹಾಗೆಂದು ಹಿಂದೆ ಮಾತ್ರ ಬಿಗಿ ಮಾಡುವುದು ಇದಕ್ಕಿಂತ ಕೆಟ್ಟದ್ದು. ಮುಂದಿನ ಪ್ಯಾಡ್ ಕಾದು ಸೋತ ಗಳಿಗೆಯಲ್ಲಿ ಹಿಂದಿನ ಚಕ್ರ ಲಾಕಾದರೆ, ತಿರುವಿನ ಬಾಯಲ್ಲಿ ಕಾರು ಗಿರಕಿ ಹೊಡೆಯುತ್ತದೆ. ನಾಲ್ಕಕ್ಕೂ ಒಂದೇ ರೇಸ್ ಪ್ಯಾಡ್ ಹಾಕುವವರದು ಮೂರನೆಯ ತಪ್ಪು: ಹಿಂದಿನವು ಕಾಯಲು ಹಲವು ಸುತ್ತು ಬೇಕು, ಅಲ್ಲಿಯವರೆಗೆ ಸುತ್ತು ಸುತ್ತಿಗೂ ಕಾರಿನ ಸಮತೋಲ ಬದಲಾಗುತ್ತಲೇ ಇರುತ್ತದೆ. ಒಂದೇ ತಯಾರಕರ ಸಾಲಿನಲ್ಲಿ ಮುಂದೆ ಹೆಚ್ಚು ಶಾಖ ತಡೆಯುವುದು, ಹಿಂದೆ ಕಡಿಮೆ ಶಾಖದಲ್ಲೇ ಹಿಡಿಯುವ ಒಂದು ಮೆಟ್ಟಿಲು ಕೆಳಗಿನದು, ಎರಡನ್ನೂ ಒಟ್ಟಿಗೇ ಬದಲಿಸುವುದು. ನಾನು ಒಪ್ಪುವ ಆಯ್ಕೆ ಇದು.

ಪ್ಯಾಡಿನ ಅಂಚಿನಲ್ಲಿ ಎಫ್‌ಎಫ್, ಜಿಜಿ ಎಂದೆಲ್ಲ ಎರಡು ಅಕ್ಷರ ಅಚ್ಚಾಗಿರುವುದುಂಟು. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಅಂಗಡಿಯಲ್ಲಿ ಇದನ್ನೇ ನೆಚ್ಚಿಕೊಳ್ಳಬೇಡಿ. ಆ ಪರೀಕ್ಷೆ ನಿಲ್ಲುವುದು ಸುಮಾರು 340 ಡಿಗ್ರಿಯಲ್ಲಿ, ಟ್ರ್ಯಾಕಿನ ಡಿಸ್ಕ್ ಅದನ್ನು ಸಲೀಸಾಗಿ ದಾಟುತ್ತದೆ. ಕೇಳಬೇಕಾದದ್ದು ಶಾಖ ಏರಿದಂತೆ ಹಿಡಿತ ಹೇಗೆ ಬದಲಾಗುತ್ತದೆಂದು ತೋರಿಸುವ ನಕ್ಷೆ. ಅದರ ಎಡತುದಿಯನ್ನೂ ನೋಡಿ. ಪೂರ್ತಿ ರೇಸಿಗೆಂದೇ ಮಾಡಿದ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಕಚ್ಚುವುದಿಲ್ಲ. ಆಷಾಢದ ಮಳೆಯಲ್ಲಿ ಬಿ.ಎಚ್. ರಸ್ತೆಗೆ ದನ ಅಡ್ಡ ಬಂದಾಗ ಮೊದಲ ಒತ್ತಿಗೇ ನಿಲ್ಲುವ ಪ್ಯಾಡ್ ಬೇಕು.

ಇನ್ನು ನಮ್ಮ ಹುಡುಗರು ಮೆಚ್ಚುವ ಸ್ವಿಫ್ಟ್, ಪೋಲೊಗಳಲ್ಲಿ ಹಿಂದೆ ಇರುವುದು ಡ್ರಮ್. ಐ20 ಎನ್ ಲೈನ್‌ನಂತೆ ನಾಲ್ಕೂ ಡಿಸ್ಕ್ ಇರುವ ಕಾರಿಗೆ ಸಿಗುವ ಆಯ್ಕೆ ಇವುಗಳಿಗಿಲ್ಲ. ಹಿಂದೆ ಪ್ಯಾಡೇ ಇಲ್ಲದ ಕಡೆ ಮುಂದೆ ಅತ್ಯಂತ ಬಿಗಿಯಾದ ಪ್ಯಾಡ್ ಹಾಕುವುದು ದಂಡ. ನಡುಮಟ್ಟದ್ದನ್ನು ಹಾಕಿ, ಉಳಿದ ದುಡ್ಡಿನಲ್ಲಿ ಬ್ರೇಕ್ ಆಯಿಲ್ ಬದಲಿಸಿ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಕುಸಿಯುತ್ತದೆ. ಮಲೆನಾಡಿನ ಮಳೆಗಾಲ ಕಳೆದ ಕಾರನ್ನು ಹಳೆಯ ಆಯಿಲಿನಲ್ಲೇ ಟ್ರ್ಯಾಕಿಗಿಳಿಸಿದರೆ ಎಂಥ ಪ್ಯಾಡ್ ಇದ್ದರೂ ಪೆಡಲು ನೆಲಕ್ಕಂಟುತ್ತದೆ.